ಕೊಡಲಿಯ ದಪ್ಪ ನೋಡಿ

ವೈಕಿಂಗ್ ಕಾಲದ ಕೊಡಲಿಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮಗ್ಗುಲಿನಿಂದಲೇ ತೋರಿಸುತ್ತಾರೆ. ಅಲಗು ಎಷ್ಟು ಅಗಲವೆಂಬುದು ಅದರಲ್ಲಿ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಕೊಡಲಿ ಮರಕ್ಕೋ ಕಾಳಗಕ್ಕೋ ಎಂದು ಹೇಳಲು ನನಗೆ ಮೊದಲು ಬೇಕಾದದ್ದು ದಪ್ಪವೇ.

ನಾರ್ವೆಯ ಯಾನ್ ಪೆಟರ್ಸನ್ 1919ರಲ್ಲಿ ತಮ್ಮ ದೇಶದ ವೈಕಿಂಗ್ ಖಡ್ಗಗಳ ಬಗ್ಗೆ ಪುಸ್ತಕ ತಂದಾಗ ಕೊಡಲಿಗಳನ್ನೂ ಆಕಾರ ನೋಡಿ ವಿಂಗಡಿಸಿ, ‘ಎ’ಯಿಂದ ‘ಎಂ’ವರೆಗೆ ಅಕ್ಷರ ಕೊಟ್ಟರು. ಉತ್ಖನನ ವರದಿಗಳಲ್ಲಿ ಇವತ್ತಿಗೂ ಅದೇ ಅಕ್ಷರಗಳು. ಅಲಗಿನ ಕೆಳತುದಿ ಇಳಿಬಿದ್ದಿದ್ದರೆ ಅದು ಗಡ್ಡದ ಕೊಡಲಿ. ಗಡ್ಡದ ಹಿಂದೆ ಬೆರಳು ತೂರಿಸಿ ಕಾವನ್ನು ಅಲಗಿನ ಹತ್ತಿರವೇ ಹಿಡಿಯಬಹುದಾದ್ದರಿಂದ ಹಲಗೆ ನಯಮಾಡುವ ಬಡಗಿಗೆ ಅದು ಒಳ್ಳೆಯ ಸಲಕರಣೆ.

ನನ್ನ ಮೆಚ್ಚಿನದು ‘ಎಂ’. 10ನೇ ಶತಮಾನದ ಕೊನೆಗೆ, 11ನೇ ಶತಮಾನದಲ್ಲಿ ಬಳಕೆಯಲ್ಲಿದ್ದ ಅಗಲ ಬಾಯಿಯ ಕೊಡಲಿ ಇದು. 1066ರ ಹೇಸ್ಟಿಂಗ್ಸ್ ಕಾಳಗವನ್ನು ಕಸೂತಿಯಲ್ಲಿ ಹೇಳುವ ಬಾಯೂ ಪಟದಲ್ಲಿ ಇಂಗ್ಲಿಷ್ ಯೋಧರು ಉದ್ದ ಕಾವಿನ ಇಂಥ ಕೊಡಲಿಯನ್ನು ಎರಡೂ ಕೈಯಲ್ಲಿ ಬೀಸುತ್ತಾರೆ. ಸಿನಿಮಾದವರು ಇದನ್ನು ಭಾರದ ಕಬ್ಬಿಣದ ಗಟ್ಟಿಯಾಗಿ ಮಾಡುತ್ತಾರೆ. ಅದು ತೀರಾ ತಪ್ಪು. ನಿಜವಾದದ್ದರಲ್ಲಿ ಅಲಗಿನ ನಡುಭಾಗ ಕೆಲವೇ ಮಿಲಿಮೀಟರ್ ದಪ್ಪ, ತಲೆಯ ತೂಕ ಎಷ್ಟೋ ಸಲ ಒಂದು ಕಿಲೋ ಒಳಗೆ. ಸೌದೆ ಸೀಳಬೇಕಾದರೆ ನಾರನ್ನು ಅಗಲಿಸುವ ದಪ್ಪ ಬೇಕು. ಮನುಷ್ಯನ ಮೇಲೆ ಬೀಸುವುದಕ್ಕೆ ಅದು ಬೇಡ; ಹಗುರವಾಗಿದ್ದಷ್ಟೂ ಏಟು ಚುರುಕು, ತಪ್ಪಿದರೆ ಹಿಂದಕ್ಕೆಳೆದುಕೊಳ್ಳುವುದೂ ಸಲೀಸು. ಕಮ್ಮಾರ ಮೆದು ಕಬ್ಬಿಣದ ಮೈ ಬಡಿದು, ಬಾಯಿಗೆ ಮಾತ್ರ ಉಕ್ಕನ್ನು ಕಾಸಿ ಬೆಸೆಯುತ್ತಿದ್ದ. ಅಗಲ ಹೆಚ್ಚಿಸುತ್ತಲೇ ಮೈ ತೆಳುಮಾಡುವ ಆ ಹತೋಟಿ ಅಸಾಧಾರಣವಾದದ್ದು.

ಡೆನ್ಮಾರ್ಕಿನ ಮಾಮೆನ್ ಕೊಡಲಿ ಬೇರೆಯೇ ಜಾತಿ. 1868ರಲ್ಲಿ ದಿಬ್ಬದ ಸಮಾಧಿಯೊಂದರಲ್ಲಿ ಸಿಕ್ಕಿತು. ಮರದ ವರ್ಷದುಂಗುರಗಳ ಲೆಕ್ಕದಲ್ಲಿ ಆ ಸಮಾಧಿ 970–71ರ ಚಳಿಗಾಲದ್ದು. ಕಬ್ಬಿಣದೊಳಗೆ ಬೆಳ್ಳಿಯ ತಂತಿ ಕೂರಿಸಿ ಒಂದು ಮಗ್ಗುಲಲ್ಲಿ ಹಕ್ಕಿ, ಇನ್ನೊಂದರಲ್ಲಿ ಬಳ್ಳಿಯಂತೆ ಹೆಣೆದ ಗಿಡ ಬಿಡಿಸಿದ್ದಾರೆ. ಹಕ್ಕಿಯ ಮೈತುಂಬ ಬೆಳ್ಳಿಯ ಚುಕ್ಕಿ. ರೆಕ್ಕೆಯ ಎಳೆಗಳು ಅದರ ಮೈಯನ್ನೇ ಸುತ್ತಿಕೊಂಡಿವೆ. ಆ ಕಾಲದ ಕಲಾಶೈಲಿಯೊಂದಕ್ಕೆ ಮಾಮೆನ್ ಊರಿನ ಹೆಸರೇ ಬಂದಿದೆ.

ದಪ್ಪ ಅಳೆಯುವಾಗ ತುಕ್ಕಿನ ಮೇಲೂ ಕಣ್ಣಿರಲಿ. ಮಣ್ಣಲ್ಲಿ ಹೂತ ಅಲಗು ಸವೆದು ಇನ್ನಷ್ಟು ತೆಳುವಾಗಿರುತ್ತದೆ. ಹಾಗಾಗಿ ನಾನು ನಂಬುವುದು ನೀರಿನ ಕೆಸರಲ್ಲಿ ಸಿಕ್ಕಿದವನ್ನು: ಗಾಳಿ ತಾಗದೆ ಕಬ್ಬಿಣ ಉಳಿದಿರುತ್ತದೆ. ಲಂಡನ್ ಸೇತುವೆಯ ಬಳಿ ಥೇಮ್ಸ್‌ನಲ್ಲಿ ದೊರೆತವು ಇಂಥವು. ಐರ್ಲೆಂಡಿನ ಕೊರಿಬ್ ಸರೋವರದಲ್ಲಿ ಮುಳುಗಿದ್ದ ದೋಣಿಯ ಕೊಡಲಿಗಳ ಜೊತೆಗಂತೂ ಚೆರ್ರಿ ಮರದ ಕಾವೂ ಉಳಿದಿತ್ತು. ತಲೆಯಷ್ಟೇ ಸಿಕ್ಕಾಗ ಊಹಿಸಬೇಕಾದ ಹಿಡಿತವನ್ನು ಅಲ್ಲಿ ಅಳೆದೇ ನೋಡಬಹುದು.