ಬ್ಯಾಂಕಿಗೆ ಹೋಗದ ಚೆಕ್ಕು

ಡಿವಿಜಿಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಸರ್ಕಾರ ಕೊಟ್ಟಿದ್ದ, ನಗದಾಗದ ಚೆಕ್ಕುಗಳು ಸಿಕ್ಕವಂತೆ. ಮುಳಬಾಗಿಲಿನಿಂದ ಮಾಲೂರಿನವರೆಗೆ ಯಾವ ಸಾಹಿತ್ಯ ಸಭೆಗೆ ಹೋದರೂ ಈ ಕಥೆ ಕೇಳದೆ ಎದ್ದು ಬರುವಂತಿಲ್ಲ. ಕಗ್ಗದ ಮೇಲೆ ಮಾತಾಡಲು ಬಂದವರು ಕೂಡ ಹೊತ್ತು ಕಳೆಯುವ ಮುನ್ನ ಚೆಕ್ಕಿಗೆ ಬರುತ್ತಾರೆ, ಚಪ್ಪಾಳೆ ಬೀಳುವುದೂ ಅಲ್ಲೇ. ಡಿವಿಜಿಯವರ ಬರಹದ ಬಗ್ಗೆ ನನ್ನ ತಕರಾರಿಲ್ಲ. ಈ ಕಥೆಗೆ ಸಿಕ್ಕಿರುವ ಬೆಲೆ ಅತಿಯಾಯಿತು ಎಂಬುದಷ್ಟೇ ನನ್ನ ಮಾತು. ಆ ಅತಿಯ ಖರ್ಚನ್ನು ಈಗ ಭರಿಸುತ್ತಿರುವವರು ನಮ್ಮ ಕೋಲಾರ ಜಿಲ್ಲೆಯಲ್ಲಿ ಒಂಟಿಯಾಗಿ ಕೂತು ಬರಹ, ವಿನ್ಯಾಸ, ಪ್ರಚಾರದ ಸಲಹೆ ಎಂದು ಬದುಕು ಕಟ್ಟಿಕೊಂಡವರು.

ಡಿವಿಜಿಯವರೂ ಅಂಥದೇ ಒಬ್ಬಾಳಿನ ಕಚೇರಿ ನಡೆಸಿದವರು. ಮೆಟ್ರಿಕ್ ದಾಟಲಿಲ್ಲ. ಸೋಡಾ ಕಾರ್ಖಾನೆ, ಜಟಕಾಗೆ ಬಣ್ಣ ಬಳಿಯುವ ಅಂಗಡಿ, ಆಮೇಲೆ ಪತ್ರಿಕೆ. ದಿವಾನರುಗಳು ಕೇಳಿದಾಗ ಸಲಹೆ, ಕರಡು, ಟಿಪ್ಪಣಿ. ಬೆನ್ನಿಗೆ ಸಂಬಳದ ನೌಕರಿಯಿಲ್ಲ, ಕೈಯಲ್ಲಿದ್ದದ್ದು ಲೇಖನಿ ಮಾತ್ರ.

ಚೆಕ್ಕಿನ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸರ್ಕಾರದ ಕಚೇರಿಯಲ್ಲಿ ಚೆಕ್ಕು ತಾನಾಗಿ ಹುಟ್ಟುವುದಿಲ್ಲ. ಕೆಲಸ ಆಗಿದೆ ಎಂದು ಒಬ್ಬರು ಬರೆಯಬೇಕು, ಇಷ್ಟು ಸಲ್ಲತಕ್ಕದ್ದು ಎಂದು ಇನ್ನೊಬ್ಬರು ಒಪ್ಪಬೇಕು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಮೇಲಿನವರು ರುಜು ಹಾಕಬೇಕು. ಅಂದರೆ ಪೆಟ್ಟಿಗೆ ಸೇರುವ ಮೊದಲೇ ಆ ಕೆಲಸಕ್ಕೆ ಬೆಲೆ ಕಟ್ಟಾಗಿತ್ತು. ಡಿವಿಜಿಯವರು ಬಿಟ್ಟುಕೊಟ್ಟದ್ದು ಹಣವನ್ನು. ಕೆಲಸಕ್ಕೆ ಬೆಲೆಯೇ ಇಲ್ಲ ಎಂದು ಅವರೂ ಹೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ. ಚೆಕ್ಕನ್ನು ಕಾಗದ ಬರೆದು ಹಿಂದಿರುಗಿಸಿದ್ದರೆ ಕೊಟ್ಟವರ ಮುಖಕ್ಕೆ ಹೊಡೆದಂತಾಗುತ್ತಿತ್ತು, ಬ್ಯಾಂಕಿಗೆ ಹಾಕಿದ್ದರೆ ಮುಂದೊಂದು ದಿನ ಅದೇ ಸರ್ಕಾರವನ್ನು ಟೀಕಿಸುವಾಗ ನಾಲಗೆ ತಡವರಿಸುತ್ತಿತ್ತು. ಪೆಟ್ಟಿಗೆಗೆ ಹಾಕಿದರು. ಇದರಲ್ಲಿ ವೈರಾಗ್ಯಕ್ಕಿಂತ ಜಾಣತನ ಹೆಚ್ಚು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ದಸರೆಗೆ ಬರುವ ಪತ್ರಕರ್ತರಿಗೆ ಸರ್ಕಾರ ಕೊಡಹೊರಟ ಸಂಭಾವನೆಯನ್ನೂ ಅವರು ಮುಟ್ಟಲಿಲ್ಲ. ಅಲ್ಲೂ ಕಾರಣ ಇದೇ, ವರದಿ ಬರೆಯುವವನು ವರದಿಯಾಗುವವರಿಂದ ಕಾಸು ಪಡೆಯಬಾರದು. ಆದರೆ 1970ರಲ್ಲಿ ಜನ ಸೇರಿಸಿಕೊಟ್ಟ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಬೇಡವೆನ್ನಲಿಲ್ಲ. ತೆಗೆದುಕೊಂಡು ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟರು. ಹಣ ಮೈಲಿಗೆಯೆಂಬ ಭಾವ ಇದ್ದಿದ್ದರೆ ಆ ನಿಧಿಯೂ ಬೇಡವಾಗುತ್ತಿತ್ತು. ಯಾರ ಹಣ, ಯಾಕೆ ಬಂತು ಎಂದು ನೋಡುತ್ತಿದ್ದರು, ಅಷ್ಟೆ.

ನಮ್ಮ ಪ್ರವಚನಕಾರರಿಗೆ ಈ ಸೂಕ್ಷ್ಮ ಬೇಡ. ಅವರಿಗೆ ಬೇಕಾದದ್ದು ತ್ಯಾಗ, ಅದೂ ಬೇರೆಯವರ ತ್ಯಾಗ. ಭಾಷಣಕ್ಕೆ ಬರುವಾಗ ತಮ್ಮ ಕಾರಿನ ಬಾಡಿಗೆ, ಕವರು ಎರಡನ್ನೂ ಮೊದಲೇ ಮಾತಾಡಿಕೊಂಡಿರುತ್ತಾರೆ. ಇದನ್ನು ತಪ್ಪೆನ್ನುತ್ತಿಲ್ಲ, ಕೊಡಲೇಬೇಕು. ಕವರು ಜೇಬಿಗಿಳಿಸಿ ಚೆಕ್ಕಿನ ಕಥೆ ಹೇಳುವುದು ಮಾತ್ರ ಸಹಿಸಲಾಗದು. ಇನ್ನು ಅವರಿಗೆ ಎದುರು ಕೂತ ವಿಮರ್ಶಕರು ಇದೆಲ್ಲ ಮೇಲ್ಜಾತಿಯವರ ಪುಕ್ಕಟೆ ಬಡತನ ಎಂದು ಕೈತೊಳೆದುಕೊಳ್ಳುತ್ತಾರೆ. ಜಟಕಾಗೆ ಬಣ್ಣ ಬಳಿದವರಿಗೆ ಬಡತನ ಪುಕ್ಕಟೆಯಾಗಿ ಬಂದಿರಲಾರದು. ಆದರೆ ದಿವಾನರ ಬಾಗಿಲು ತೆರೆದಿದ್ದವರಿಗೆ ಹೆಸರೇ ಒಂದು ಆಸ್ತಿ ಎಂಬ ಅವರ ಮಾತಿನಲ್ಲಿ ಹುರುಳಿದೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ, ಆ ಚೆಕ್ಕಿನ ಹಣ ಮನೆಗೆ ಬರದಿದ್ದಾಗ ಕೊರತೆ ತುಂಬಿದವರು ಯಾರು? ಉಡಲು ನೆಟ್ಟಗಿನ ಸೀರೆಯಿಲ್ಲದೆ ಡಿವಿಜಿಯವರ ಹೆಂಡತಿ ಭಾಗೀರಥಮ್ಮನವರು ನೆಂಟರ ಮನೆಯ ಸಮಾರಂಭಕ್ಕೆ ಹೋಗದೆ ಉಳಿದರೆಂಬ ಕಥೆಯನ್ನೂ ಇದೇ ವೇದಿಕೆಗಳು ಗಂಡನ ಹಿರಿಮೆಗೆ ಸಾಕ್ಷಿಯಾಗಿ ಹೇಳುತ್ತವೆ. ಅದು ಆಕೆಯ ಲೆಕ್ಕದ ಪುಸ್ತಕದಿಂದ ಕದ್ದ ಪುಟ.

ನಮ್ಮದೇ ಜಿಲ್ಲೆಯ ಇನ್ನೊಂದು ಮಾದರಿಯ ಮಾತೇ ಬರುವುದಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಹೋದಾಗ ಸರ್ಕಾರಿ ಕೆಲಸ ಬಿಟ್ಟು ಬಂದವರು. 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯ ಸಂಪಾದಕರಾಗಿದ್ದರು, ಜೀವನ ಕಾರ್ಯಾಲಯದ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಬೆಲೆಯಿಟ್ಟು ಮಾರಿದರು. ಕಾಗದ, ಅಚ್ಚುಕೂಟ, ಅಂಚೆ, ಬಾಕಿ ವಸೂಲಿಯ ರಗಳೆಗಳು ಇಂಥ ಕೆಲಸಕ್ಕೆ ಅಂಟಿಕೊಂಡೇ ಬರುತ್ತವೆ. ಪುಸ್ತಕದ ಬೆನ್ನಿಗೆ ಬೆಲೆ ಮುದ್ರಿಸಿದ್ದರಿಂದ 'ಚಿಕವೀರ ರಾಜೇಂದ್ರ' ಬರೆದ ಕೈಗೆ ಮಸಿ ಹತ್ತಲಿಲ್ಲ. ಆದರೂ 'ಕನ್ನಡದ ಆಸ್ತಿ' ಎಂಬ ಬಿರುದು ಕೊಟ್ಟು ಸುಮ್ಮನಾಗಿದ್ದೇವೆ. ಆಸ್ತಿ ಮಾಡಿದ ಬಗೆಯನ್ನು ಯಾರೂ ಪಾಠ ಮಾಡುವುದಿಲ್ಲ.

ಒಂಟಿ ಕೆಲಸದ ಹುಡುಗ ಹುಡುಗಿಯರಿಗೆ ಇವತ್ತು ಬೇಕಾದದ್ದು ಆ ಪಾಠವೇ. ಶ್ರೀನಿವಾಸಪುರದ ಮಾವಿನ ಮಂಡಿಯವರಿಗೆ ಬಾಕ್ಸಿನ ಲೇಬಲ್, ಮಾಲೂರಿನ ಹೆಂಚಿನ ಕಾರ್ಖಾನೆಗೆ ಕ್ಯಾಟಲಾಗ್, ಕೋಲಾರದ ಕೋಚಿಂಗ್ ಸೆಂಟರಿಗೆ ಜಾಹೀರಾತು. ಕೊಟೇಶನ್ ಕೊಡುವಾಗಲೇ ಎಷ್ಟು ಸಲ ತಿದ್ದಿಕೊಡುತ್ತೇನೆ ಎಂದು ಬರೆಯಬೇಕು, ಅರ್ಧ ಅಡ್ವಾನ್ಸ್ ಬರದೆ ಕಂಪ್ಯೂಟರ್ ಮುಟ್ಟಬಾರದು. ಉದ್ಯಮ್ ನೋಂದಣಿ ಇದ್ದರೆ 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನದೊಳಗೆ ಬಿಲ್ಲಿನ ಹಣ ಬರಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಂಡಿಯ ಯಜಮಾನರಿಗೆ ಬಡ್ಡಿಯ ಭಾಷೆ ಚೆನ್ನಾಗಿ ಗೊತ್ತು, ಹೇಳಬೇಕಾದವರೇ ನಾಚುತ್ತಾರೆ. ಹಣ ಕೇಳುವುದು ಸಣ್ಣತನವೆಂದು ಕಲಿಸಿದ ಕಥೆ ಅಷ್ಟು ಆಳಕ್ಕಿಳಿದಿದೆ.

ಮಾರ್ಚ್ 17 ಹತ್ತಿರವಾದಾಗ ಇದರ ತಮಾಷೆ ಪೂರ್ತಿ ಕಾಣಿಸುತ್ತದೆ. ಡಿವಿಜಿ ಜಯಂತಿಗೆ ಶಾಮಿಯಾನದವನಿಗೆ ದುಡ್ಡುಂಟು, ಮೈಕ್‌ಸೆಟ್ಟಿನವನಿಗೂ ಅಡುಗೆಯವನಿಗೂ ಉಂಟು. ಆಹ್ವಾನ ಪತ್ರಿಕೆ, ಬ್ಯಾನರು ಮಾಡಿಕೊಟ್ಟ ಹುಡುಗ ಬಿಲ್ಲು ಹಿಡಿದು ಬಂದರೆ ಮಾತ್ರ ಸಮಿತಿಯವರಿಗೆ ಆಶ್ಚರ್ಯ. "ಏನಪ್ಪಾ, ನಮ್ಮೋನೇ ಅಲ್ವಾ ನೀನು?" ಎನ್ನುತ್ತಾರೆ. ಡಿವಿಜಿಯವರ ಹೆಸರು ಹೇಳಿ ಕೆಲಸ ಕೇಳುವವರು ಮೊದಲು ಮೊತ್ತ ತುಂಬಿ, ರುಜು ಹಾಕಿ, ಚೆಕ್ಕನ್ನು ಅವನ ಕೈಗೆ ಕೊಡಲಿ. ಬ್ಯಾಂಕೋ ಪೆಟ್ಟಿಗೆಯೋ ಎಂಬುದನ್ನು ಅವನು ನೋಡಿಕೊಳ್ಳುತ್ತಾನೆ.