ಪೆರಾದ್ ಕುದಿಯುವ ವಾರ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ನಾನು ಮಾರುಕಟ್ಟೆಯಲ್ಲಿ ಪೇರಳೆ ಮೂಸುತ್ತಾ ನಿಲ್ಲುತ್ತೇನೆ. ಈ ಹಣ್ಣಿನ ವಿಷಯದಲ್ಲಿ ಕಣ್ಣನ್ನು ನಂಬಬಾರದು. ಬುಟ್ಟಿಯ ಹತ್ತಿರ ಹೋಗುವ ಮೊದಲೇ ಪರಿಮಳ ಬರಬೇಕು, ಅಂಥ ಹಣ್ಣೇ ಪೆರಾದ್‌ಗೆ ಆಗುವುದು. ಬಿಳಿ ಬಲೆ ತೊಟ್ಟು ಕೂತಿರುವ ತೈವಾನ್ ತಳಿಯ ದಪ್ಪ ಹಣ್ಣು ಉಪ್ಪು ಖಾರ ಹಚ್ಚಿ ತಿನ್ನಲು ಚೆನ್ನ, ಕುದಿಸಿದರೆ ಸಪ್ಪೆ. ಒಳಗೆ ಕೆಂಪಾಗಿರುವ ನಾಟಿ ಹಣ್ಣು ಸಿಕ್ಕರೆ ಅದೃಷ್ಟ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಕಿರಣ್ ತಳಿಯ ತಿರುಳೂ ಕೆಂಪೇ.

ಪೇರಳೆಯ ತಿರುಳಿಗೆ ಸಕ್ಕರೆ ಸೇರಿಸಿ, ಅದು ಪಾತ್ರೆಯ ಬದಿ ಬಿಡುವ ತನಕ ಮಗುಚಿ, ಆರಿದ ಮೇಲೆ ತುಂಡು ಕತ್ತರಿಸಿದರೆ ಪೆರಾದ್. ಗ್ವಾವಾ ಚೀಸ್ ಎಂದೂ ಕರೆಯುತ್ತಾರೆ, ಆದರೆ ಅದರಲ್ಲಿ ಹಾಲಿನ ಹನಿಯೂ ಇಲ್ಲ. ಪೋರ್ಚುಗೀಸರ ನಾಡಿನಲ್ಲಿ ಮರ್ಮೇಲು ಎಂಬ ಹಣ್ಣನ್ನು ಹೀಗೆ ಕುದಿಸಿದರೆ ಮರ್ಮೆಲಾಡ, ಪೇರ್ ಹಣ್ಣನ್ನು ಕುದಿಸಿದರೆ ಪೆರಾಡ. ಗೋವೆಯಲ್ಲಿ ಆ ಹಣ್ಣುಗಳ ಜಾಗಕ್ಕೆ ಅಮೆರಿಕ ಖಂಡದಿಂದ ಬಂದ ಪೇರಳೆ ಕೂತಿತು, ಹೆಸರು ಮಾತ್ರ ಹಾಗೇ ಉಳಿಯಿತು. ಗೋವೆಯಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳ ಜೊತೆ ಅದು ಮಂಗಳೂರಿಗೂ ಬಂದು, ಕುಸ್ವಾರ್ ತಟ್ಟೆಯಲ್ಲಿ ಮೂಲೆ ಹಿಡಿಯಿತು.

ಕರಾವಳಿಯವರಿಗೆ ಕುಸ್ವಾರ್ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಕ್ರಿಸ್‌ಮಸ್‌ಗೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಒಟ್ಟು ಹೆಸರು ಅದು. ಕಿಡಿಯೊ, ಗುಳಿಯೊ, ನೆವ್ರ್ಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಉಂಡೆ, ರೋಸ್ ಕುಕ್ಕೀಸ್. ಪಟ್ಟಿ ಮನೆಯಿಂದ ಮನೆಗೆ ಬೇರೆ. ನೆವ್ರ್ಯೊ ನಮ್ಮ ಕರ್ಜಿಕಾಯಿಯ ಒಡಹುಟ್ಟು, ತುಕ್ಡಿಯನ್ನು ಶಂಕರಪೋಳಿಯ ಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟ.

ನಾನು ಬೆಳೆದದ್ದು ಮಂಗಳೂರಿನಲ್ಲಿ. ಪಕ್ಕದ ಮನೆಯ ಬಾಯಿ (ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಹಾಗೇ ಕರೆಯುವುದು) 24ರ ಮಧ್ಯಾಹ್ನ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬರುತ್ತಿದ್ದರು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಅದಕ್ಕೆಂದೇ ಅವರು ಒಂದು ಪಾಲು ಹಿಟ್ಟನ್ನು ಮೊಟ್ಟೆ ಹಾಕದೆ ಕಲಸಿ, ಎಲ್ಲಕ್ಕಿಂತ ಮೊದಲು, ಹೊಸ ಎಣ್ಣೆಯಲ್ಲಿ ಕರಿದು, ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ಈ ಸಂಗತಿ ಅಮ್ಮನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಅವರ ಮಗಳ ಬಾಯಿಂದ.

ಅಮ್ಮ ಒಂದು ಚೂರು ಬಾಯಿಗೆ ಹಾಕಿ ತಲೆದೂಗಿದರೆ ಅವರು ತಡೆಯುತ್ತಿದ್ದರು: “ಇವತ್ತೇ ಲಾಯ್ಕುಂಟು ಅನ್ಬೇಡಿ ಮಾರಾಯ್ರೆ. ಹೊಸ ವರ್ಷಕ್ಕೆ ತಿಂದು ಹೇಳಿ.”

ಕೊಡುವ ತಿಂಡಿಯ ಬಗ್ಗೆ ನಾನು ಕಲಿತದ್ದೆಲ್ಲ ಆ ಮಾತಿನಲ್ಲಿದೆ. ನಾವೇ ತಿನ್ನುವುದಾದರೆ ಬಾಣಲೆಯಿಂದ ನೇರ ಎಲೆಗೆ ಬರುತ್ತದೆ, ತಪ್ಪಿದ್ದರೂ ಬಿಸಿಯಲ್ಲಿ ಮುಚ್ಚಿಹೋಗುತ್ತದೆ. ಕೊಟ್ಟ ತಿಂಡಿ ಇನ್ನೊಬ್ಬರ ಡಬ್ಬಿಯಲ್ಲಿ, ಇನ್ನೊಬ್ಬರ ಅಡುಗೆಮನೆಯ ಹಬೆಯಲ್ಲಿ ವಾರ ಕಳೆಯಬೇಕು. ಕುಸ್ವಾರ್‌ನಲ್ಲಿ ಹಸಿ ತೇವ ಉಳಿಯುವಂಥದ್ದು ಹೆಚ್ಚು ಇರದಿರುವುದು ಇದಕ್ಕೇ. ನೆವ್ರ್ಯೊ ಹೂರಣಕ್ಕೆ ಹಸಿ ತೆಂಗಿನಕಾಯಿಯ ಬದಲು ಹುರಿದ ಕೊಬ್ಬರಿ ತುರಿ, ಹುರಿದ ಎಳ್ಳು, ಗೇರುಬೀಜ, ಒಣದ್ರಾಕ್ಷಿ. ಸಿಹಿಗೆ ಪುಡಿ ಸಕ್ಕರೆ. ಅಲ್ಲಿ ಬೆಲ್ಲದ ಪಾಕ ಹಾಕಿದರೆ ಮೂರನೆಯ ದಿನಕ್ಕೆ ಹೊರಕವಚ ಮೆತ್ತಗಾಗಿ ಎಣ್ಣೆ ಬಿಡುತ್ತದೆ.

ಕೇಕ್ ಯಾಕಲ್ಲ ಎಂದು ಪ್ರತಿವರ್ಷ ಕೇಳುತ್ತಾರೆ. ಕೇಕ್ ನನಗೂ ಇಷ್ಟ. ಆದರೆ ಈ ಕರಾವಳಿಯಲ್ಲಿ ಅದರ ಕತೆಯೇ ಬೇಕರಿಯದ್ದು. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು, ತೋಟದ ಧಣಿ ಮರ್ಡಾಕ್ ಬ್ರೌನ್‌ಗಾಗಿ ಕ್ರಿಸ್‌ಮಸ್ ಕೇಕ್ ಸುಟ್ಟುಕೊಟ್ಟದ್ದನ್ನು ಅಲ್ಲಿಯವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಒಳ್ಳೆಯ ಕೇಕ್ ಕೊಂಡರೆ ಸಿಗುತ್ತದೆ, ಒಳ್ಳೆಯ ಪೆರಾದ್ ಕೊಂಡರೂ ಸಿಗುವುದು ಅಪರೂಪ. ಅಂಗಡಿಯದ್ದರಲ್ಲಿ ಬಣ್ಣ ಹೆಚ್ಚು, ಪೇರಳೆ ಕಡಿಮೆ.

ಮೊದಲ ಸಲ ಮಾಡುವವರು ಪೆರಾದ್‌ನಿಂದಲೇ ಶುರುಮಾಡಲಿ. ಓವನ್ ಬೇಡ, ಅಚ್ಚು ಬೇಡ, ಕರಿಯುವ ಕೆಲಸವಿಲ್ಲ. ಒಂದು ಕಿಲೊ ಹಣ್ಣಿನಲ್ಲಿ ಕಾಲು ಭಾಗ ದೋರೆಗಾಯಿ ಇರಲಿ. ಪಾಕವನ್ನು ಗಟ್ಟಿ ಹಿಡಿಸುವ ಪೆಕ್ಟಿನ್ ಅಂಶ ದೋರೆಗಾಯಿಯಲ್ಲಿ ಹೆಚ್ಚು, ಹಣ್ಣು ಕಳಿತಂತೆ ಅದು ಕರಗುತ್ತದೆ. ಸಿಪ್ಪೆ ತೆಗೆಯದೆ ಹೋಳು ಮಾಡಿ, ಮುಳುಗುವುದಕ್ಕಿಂತ ಕಡಿಮೆ ನೀರಿನಲ್ಲಿ ಬೇಯಿಸಿ, ಜರಡಿಯಲ್ಲಿ ಉಜ್ಜಿ ಇಳಿಸಿ. ಮಿಕ್ಸಿಗೆ ಹಾಕುವ ಆಸೆ ಬೇಡ, ಬೀಜ ಪುಡಿಯಾದರೆ ಮರಳು ಅಗಿದಂತಾಗುತ್ತದೆ. ಬಂದ ತಿರುಳನ್ನು ತೂಗಿ, ಅದರ ಮುಕ್ಕಾಲು ತೂಕ ಸಕ್ಕರೆ, ಒಂದು ದೊಡ್ಡ ನಿಂಬೆಯ ರಸ. ನಿಂಬೆ ರುಚಿಗೆ ಮಾತ್ರ ಎಂದುಕೊಂಡು ಬಿಡಬೇಡಿ, ಹುಳಿ ಇಲ್ಲದೆ ಪೆಕ್ಟಿನ್ ಹಿಡಿಯುವುದಿಲ್ಲ.

ಆಮೇಲೆ ದಪ್ಪ ತಳದ ಪಾತ್ರೆ, ಉದ್ದ ಹಿಡಿಯ ಸೌಟು. ಗಟ್ಟಿಯಾಗುತ್ತಾ ಬಂದ ಹಾಗೆ ಅದು ಗುಳ್ಳೆ ಒಡೆದು ಸಿಡಿಯುತ್ತದೆ. ಸಿಡಿದದ್ದು ಚರ್ಮಕ್ಕೆ ಅಂಟಿಕೊಂಡು ಸುಡುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಿ, ಮಕ್ಕಳನ್ನು ದೂರವಿಡಿ. ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದರಲ್ಲಿ ನಾನು ಒಮ್ಮೆ ಸೋತಿದ್ದೇನೆ. ಬಣ್ಣ ಬಂತಲ್ಲ ಎಂದು ಹತ್ತು ನಿಮಿಷ ಮೊದಲೇ ಇಳಿಸಿದೆ. ಮರುದಿನ ತಟ್ಟೆಯಲ್ಲಿದ್ದದ್ದು ಜಾಮ್. ಐದು ಮನೆಗೆ ಕೊಡುತ್ತೇನೆಂದು ಹೇಳಿ ಆಗಿತ್ತು, ಯಾರಿಗೂ ಕೊಡಲಾಗದೆ ತುಂಬಾ ನೊಂದುಕೊಂಡೆ. ಈಗ ಬಣ್ಣ ನೋಡುವುದಿಲ್ಲ. ಸೌಟು ಎಳೆದ ದಾರಿಯಲ್ಲಿ ಪಾತ್ರೆಯ ತಳ ಕಾಣಬೇಕು, ಆ ದಾರಿ ತಕ್ಷಣ ಮುಚ್ಚಿಕೊಳ್ಳಬಾರದು. ತಣ್ಣೀರಿಗೆ ಹಾಕಿದ ಚೂರು ಬೆರಳಲ್ಲಿ ಉಂಡೆಯಾಗಬೇಕು. ಆಗ ಒಂದು ಚಮಚ ತುಪ್ಪ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಬೆರಳ ದಪ್ಪಕ್ಕೆ ಹರವಿ. ಕತ್ತರಿಸುವುದು ಮರುದಿನ. ಬಿಳಿ ತಿರುಳಿನ ಹಣ್ಣಾದರೆ ಜೇನುಬಣ್ಣ ಬರುತ್ತದೆ, ಅದೇ ಇರಲಿ. ಕೆಂಪು ಬಣ್ಣದ ಪುಡಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮನೆಯಲ್ಲಿ ಜನವಿದ್ದರೆ ಕಿಡಿಯೊ ಕೂಡ ಆಗಲಿ. ಹೆಸರಿನ ಅರ್ಥ ಹುಳುಗಳು, ಆಕಾರವೂ ಹಾಗೇ. ಬೇರೆಡೆ ಕುಲ್‌ಕುಲ್ ಎನ್ನುತ್ತಾರೆ. ಅರ್ಧ ಕಿಲೊ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಕಲಸಲು ಹಿಡಿಯುವಷ್ಟು ಗಟ್ಟಿ ತೆಂಗಿನ ಹಾಲು. ಅರ್ಧ ಗಂಟೆ ಬಿಟ್ಟು, ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಎಳೆಯುವುದು. ಬಾಯಿಯ ಮನೆಯಲ್ಲಿ ಇದಕ್ಕೆಂದೇ ತಂದಿಟ್ಟ ಹೊಸ ಬಾಚಣಿಗೆಗಳಿದ್ದವು, ಗೆರೆ ಇನ್ನೂ ಸಣ್ಣದಾಗಿ ಬೀಳುತ್ತಿತ್ತು. ಒಬ್ಬರೇ ಕೂತರೆ ಬೆನ್ನು ಬಿದ್ದುಹೋಗುವ ಕೆಲಸ, ಆರು ಜನ ಸುತ್ತ ಕೂತರೆ ಹರಟೆಯಲ್ಲೇ ಮುಗಿಯುತ್ತದೆ. ಸಣ್ಣ ಉರಿಯಲ್ಲೇ ಕರಿಯಬೇಕು. ಹೊರಗೆ ಕೆಂಪಾಗಿ ಸುರುಳಿಯ ಒಳಗೆ ಹಸಿ ಉಳಿದರೆ ಆ ತೇವ ಎರಡೇ ದಿನದಲ್ಲಿ ಹೊರಬಂದು ಗರಿಗರಿ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿ, ಒಲೆಯಿಂದ ಇಳಿಸಿ, ಪಾಕ ಬೆಳ್ಳಗೆ ಹರಳುಗಟ್ಟಿ ಮೈಗೆ ಹಿಡಿಯುವವರೆಗೆ ಮಗುಚುತ್ತಿರಿ.

ಕಟ್ಟುವಾಗ ಒಂದು ಎಚ್ಚರಿಕೆ. ಕಿಡಿಯೊ, ಪೆರಾದ್ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಪೆರಾದ್‌ನಲ್ಲಿ ಹಣ್ಣಿನ ತೇವ ಸ್ವಲ್ಪ ಇದ್ದೇ ಇರುತ್ತದೆ, ಕಿಡಿಯೊ ಅದನ್ನು ಎಳೆದುಕೊಂಡು ಮೆತ್ತಗಾಗುತ್ತದೆ. ಪೆರಾದ್ ತುಂಡುಗಳನ್ನು ಒಂದೊಂದಾಗಿ ಬೆಣ್ಣೆ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಹಿಟ್ಟಿಗೆ ಮೊಟ್ಟೆ ಹಾಕಿದ್ದೀರೋ ಇಲ್ಲವೋ ಎಂದು ಡಬ್ಬಿಯ ಮೇಲೆ ಚೀಟಿ ಅಂಟಿಸಿ. ತಟ್ಟೆಯಲ್ಲಿ ಕತ್ತರಿಸಿ ಉಳಿದ ಪೆರಾದ್ ಅಂಚು, ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಗಟ್ಟಿಯಾದದ್ದು, ಕೊಡಲು ಬರುವುದಿಲ್ಲ. ಅದು ಇಷ್ಟು ಹೊತ್ತು ಒಲೆಯ ಮುಂದೆ ನಿಂತವರಿಗೆ.