ಶಾಂತಲೆಯ ಕಥನ: ಓದುಗನ ರಸಾಸ್ವಾದ ಮತ್ತು ಜನಪದ ನೆನಪು

ಐತಿಹಾಸಿಕ ರಮ್ಯ ಕಾದಂಬರಿಯನ್ನು ಕುರಿತು ವಿಮರ್ಶೆ ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಒಂದೇ: ಅದರಲ್ಲಿ ಚರಿತ್ರೆಯೆಷ್ಟು, ಕಲ್ಪನೆಯೆಷ್ಟು? ಓದುಗನು ಅದನ್ನು ಏಕೆ ಸವಿಯುತ್ತಾನೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಆ ಸವಿಯನ್ನು ಚರಿತ್ರೆಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೂ ಒಂದು ಪರಂಪರೆಯಿದೆ. ಅದರ ಬೇರು ಜನಪದ ಕಥನದಲ್ಲಿದೆ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಇದಕ್ಕೆ ಉತ್ತಮ ನಿದರ್ಶನ.

ಬೆಂಗಳೂರಿನ ಹೆಸರಾಂತ ವ್ಯಾಯಾಮಾಚಾರ್ಯರಾಗಿದ್ದ ಅಯ್ಯರ್ ಅವರು ಹೊಯ್ಸಳ ವಿಷ್ಣುವರ್ಧನ, ಪಟ್ಟದರಸಿ ಶಾಂತಲೆ ಮತ್ತು ಲಕ್ಷ್ಮಿ, ಈ ಮೂವರ ಪ್ರೇಮ-ಸ್ನೇಹಗಳ ಸುತ್ತ ಕಥೆಯನ್ನು ಹೆಣೆದಿದ್ದಾರೆ. ಕಥೆಯ ಕೊನೆ ಏನೆಂಬುದು ಓದುಗನಿಗೆ ಮೊದಲೇ ಗೊತ್ತು. ಶಿವಗಂಗೆಯ ಬೆಟ್ಟದಲ್ಲಿ ಶಾಂತಲೆ ಹಾರಿ ಪ್ರಾಣಬಿಟ್ಟಳೆಂದು ಹೇಳುವ ತಾಣವನ್ನು ಇಂದಿಗೂ ತೋರಿಸುತ್ತಾರೆ; 'ಶಾಂತಲಾ ಡ್ರಾಪ್' ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಆದ್ದರಿಂದ ಇಲ್ಲಿ ಓದುವಿಕೆಯ ಸುಖವು ಕುತೂಹಲದಿಂದ ಹುಟ್ಟುವುದಿಲ್ಲ. ಗೊತ್ತಿರುವ ಕಥೆಯನ್ನು ಮತ್ತೆ ಕೇಳುವಾಗ ಲಾವಣಿಯ ಕೇಳುಗ ಪಡೆಯುವ ಸುಖಕ್ಕೆ ಅದು ಹತ್ತಿರವಾದುದು. ಏನಾಯಿತು ಎಂಬುದಕ್ಕಿಂತ ಹೇಗೆ ಹೇಳುತ್ತಾರೆ ಎಂಬುದು ಇಬ್ಬರಿಗೂ ಮುಖ್ಯ.

ಶಾಸನಗಳು ಕಟ್ಟಿಕೊಡುವ ಚಿತ್ರ ಬೇರೆ. ಶಾಂತಲೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದಗಜ ಎಂಬುದು ಅವಳ ಬಿರುದು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನೂ ಶಾಸನಗಳು ಹೊಗಳುತ್ತವೆ. 1131ರಲ್ಲಿ ಅವಳು ಶಿವಗಂಗೆಯಲ್ಲಿ ಮುಡಿಪಿದಳೆಂದೂ, ಅನಂತರ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡಳೆಂದೂ ಅಲ್ಲಿನ ಶಾಸನ ತಿಳಿಸುತ್ತದೆ. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ. ಸವತಿಯರೆದುರು ಆನೆಯಂತೆ ನಿಂತವಳು ಜನರ ನೆನಪಿನಲ್ಲಿ ತನ್ನನ್ನೇ ನೀಗಿಕೊಂಡ ಮೃದುಹೃದಯಿಯಾದುದು ಹೇಗೆ? ಆಸ್ವಾದದ ಪ್ರಶ್ನೆ ಇಲ್ಲಿ ಮೌಲ್ಯದ ಪ್ರಶ್ನೆಯಾಗಿ ತಿರುಗುತ್ತದೆ.

ಹೆಣ್ಣಿನ ಆತ್ಮಾರ್ಪಣೆಯ ಆಶಯ ಕನ್ನಡ ಜನಪದಕ್ಕೆ ಹೊಸದಲ್ಲ. 'ಕೆರೆಗೆ ಹಾರ' ಕಥನಗೀತೆಯಲ್ಲಿ ಕಿರಿಸೊಸೆ ಭಾಗೀರಥಿ ನೀರಿಲ್ಲದ ಕೆರೆಗೆ ಬಲಿಯಾಗುತ್ತಾಳೆ. ಆದರೆ ಆ ಗೀತೆ ಕೆರೆ ತುಂಬಿದ ಸಂಭ್ರಮದಲ್ಲಿ ಮುಗಿಯುವುದಿಲ್ಲ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ಬಂದರೂ ಊರಿನ ಮೇಲೆ ಒಂದು ಆರೋಪ ಉಳಿಯುತ್ತದೆ. ಹಾಡು ಆ ಸಾವನ್ನು ಹೊಗಳುತ್ತದೆಯೋ ಪ್ರಶ್ನಿಸುತ್ತದೆಯೋ ಎಂಬ ತಳಮಳ ಕೇಳುಗನನ್ನು ಬಿಡುವುದಿಲ್ಲ. ರಮ್ಯ ಕಥನವು ಇದೇ ಆಶಯವನ್ನು ಎರವಲು ಪಡೆದರೂ ತಳಮಳವನ್ನು ಕರಗಿಸಿ ಕರುಣೆಯ ಮಾಧುರ್ಯವನ್ನಷ್ಟೇ ಉಳಿಸಿಕೊಳ್ಳುವ ಅಪಾಯವಿದೆ. ಕಣ್ಣೀರು ಸುಖವಾಗುವುದು ರಸಾನುಭವದ ಸಹಜ ಧರ್ಮ. ಆದರೆ ಯಾರ ಸಾವಿನಿಂದ ಆ ಸುಖ ಒದಗಿತು ಎಂಬುದನ್ನು ವಿಮರ್ಶೆ ಕೇಳಲೇಬೇಕು.

ಓದುಗನಿಗೆ ದುರಂತವೊಂದೇ ರುಚಿಸುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಸಿ.ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ' ಶಾಸನಾಧಾರಗಳನ್ನು ಬಳಸಿಕೊಂಡು, ರಾಜಕಾರಣ, ಧರ್ಮ ಮತ್ತು ಶಿಲ್ಪಗಳ ನಡುವೆ ಬಾಳಿದ ವಿವೇಕಿ ರಾಣಿಯೊಬ್ಬಳನ್ನು ವಿಸ್ತಾರವಾಗಿ ಚಿತ್ರಿಸಿತು. 1983ರ ಮೂರ್ತಿದೇವಿ ಪ್ರಶಸ್ತಿ ಅದಕ್ಕೆ ಸಂದಿತು. ಅಷ್ಟು ದೀರ್ಘವಾದ ಕೃತಿಯನ್ನೂ ಕನ್ನಡ ಓದುಗರು ಪ್ರೀತಿಯಿಂದ ಓದಿದರು. ಬಾಳಿದ ಶಾಂತಲೆಯೂ ಮಡಿದ ಶಾಂತಲೆಯಷ್ಟೇ ಓದುಗನನ್ನು ಹಿಡಿದಿಡಬಲ್ಲಳು ಎಂಬುದಕ್ಕೆ ಇದು ಸಾಕ್ಷಿ.

ಹೀಗಾಗಿ ಶಾಸನವನ್ನು ಮುಂದೊಡ್ಡಿ ಓದುಗನ ಸಂತೋಷವನ್ನು ಅಲ್ಲಗಳೆಯುವುದು ವ್ಯರ್ಥ. ಶಿವಗಂಗೆಯ ಕಥೆ ಚರಿತ್ರೆಯಾಗಿ ನಿಲ್ಲದಿದ್ದರೂ ಜನರ ನೆನಪಾಗಿ ನಿಂತಿದೆ. ನೆನಪೂ ಅಧ್ಯಯನಕ್ಕೆ ಅರ್ಹವಾದ ಆಕರವೇ. ಆದರೆ ಅದು ಏನನ್ನು ಉಳಿಸಿಕೊಂಡಿತು, ಏನನ್ನು ಕೈಬಿಟ್ಟಿತು ಎಂಬ ಲೆಕ್ಕ ಆ ಅಧ್ಯಯನದ ಮೊದಲ ಕೆಲಸವಾಗಬೇಕು. ಬೆಟ್ಟದ ತುದಿಯನ್ನು ನೆನಪಿಟ್ಟ ಜನಮನ ಬಸದಿಯ ಹೆಸರಿನ ಅರ್ಥವನ್ನು ಮರೆತಿದೆ. ಅದನ್ನು ನೆನಪಿಗೆ ತಂದರೆ ಕಾದಂಬರಿಯ ಸವಿ ಕಡಿಮೆಯಾಗದು. ಸವಿಯುವ ಮನಸ್ಸು ಮಾತ್ರ ಇನ್ನಷ್ಟು ಎಚ್ಚರಗೊಂಡೀತು.